ಸತ್ಯಾಂಶ: ನೀರಿಗೆ ಬಿದ್ದ ಫೋನು ಅಕ್ಕಿ ಡಬ್ಬದಲ್ಲಿ ಸರಿಹೋಗುತ್ತದೆಯೇ?

'ನಾಲೆಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆ' ಎಂಬುದು ವಾಟ್ಸಾಪ್‌ನಲ್ಲಿ ಸುತ್ತುವ ಸಲಹೆ. ಮಂಡ್ಯದಲ್ಲಿ ಅಕ್ಕಿಗೇನೂ ಬರವಿಲ್ಲ. ಆದರೆ ಮುಚ್ಚಿದ ಫೋನಿನೊಳಗಿನ ನೀರನ್ನು ಅಕ್ಕಿ ಎಳೆದುಕೊಳ್ಳುವುದಿಲ್ಲ. ಅದರ ಹುಡಿ ಚಾರ್ಜಿಂಗ್ ತೂತಿಗೆ ಸೇರುತ್ತದೆ. ಅಕ್ಕಿಯಲ್ಲಿಡಬೇಡಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ.

ಫೋನು ಹಾಳಾಗುವುದು ನೀರಿನಲ್ಲಿ ಕರಗಿದ ಲವಣಕ್ಕೆ ಬ್ಯಾಟರಿಯ ಕರೆಂಟು ಸೇರಿದಾಗ. ಒಳಗಿನ ಸರ್ಕ್ಯೂಟ್ ಬೋರ್ಡಿನ ತಾಮ್ರ ಸವೆದು ಹಸಿರು ಕಿಲುಬು ಕಟ್ಟುತ್ತದೆ, ಅದೂ ಕಣ್ಣಿಗೆ ಕಾಣದಂತೆ ಐಸಿಗಳ (ಬೋರ್ಡಿನ ಮೇಲಿನ ಪುಟ್ಟ ಚಿಪ್‌ಗಳ) ಅಡಿಯಲ್ಲಿ. ಎರಡು ದಿನ ಚೆನ್ನಾಗಿದ್ದ ಫೋನು ಮೂರನೇ ದಿನ ಸಾಯುವುದು ಹೀಗೆ.

ಬಿದ್ದ ತಕ್ಷಣ ಆಫ್ ಮಾಡಿ, ಸಿಮ್ ಟ್ರೇ ತೆಗೆದು, ತೂತು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗಿಡಿ. 'ಆನ್ ಆಗುತ್ತಾ ನೋಡೋಣ' ಎಂದು ಚಾರ್ಜರ್ ಮಾತ್ರ ಚುಚ್ಚಬೇಡಿ. ಅದೇ ದಿನ ರಿಪೇರಿಗೆ ಕೊಟ್ಟು, ಬ್ಯಾಟರಿ ಬಿಡಿಸಿ, ಶೀಲ್ಡ್ (ಚಿಪ್‌ಗಳ ಮೇಲಿನ ಲೋಹದ ಮುಚ್ಚಳ) ತೆಗೆದು, 99% ಐಸೊಪ್ರೊಪೈಲ್ ಆಲ್ಕೋಹಾಲಿನಿಂದ (ಬೇಗ ಆರಿಹೋಗುವ ಶುಚಿಗೊಳಿಸುವ ದ್ರವ) ಬೋರ್ಡ್ ತೊಳೆಯಲು ಹೇಳಿ.