ಟೈಲ್ಸ್ ಮೇಲೆ ಕಂಡದ್ದು, ತೋಟದಲ್ಲಿ ಕಾಣದ್ದು

ಪುಣೆಗೆ ಬಂದು 11 ವರ್ಷ ಆಯಿತು. ಊರು ಸೋಮವಾರಪೇಟೆ ಹತ್ತಿರ. ಎರಡೂ ಮನೆಯಲ್ಲಿ ನಾಯಿ ಇದೆ, ಎರಡಕ್ಕೂ ಮೂತ್ರಕೋಶದಲ್ಲಿ ಕಲ್ಲಾಗಿತ್ತು.

ಇಲ್ಲಿರುವುದು ಹೆಣ್ಣು ನಾಯಿ. ಬಿಳಿ ಟೈಲ್ಸ್ ಮೇಲೆ ಗುಲಾಬಿ ಬಣ್ಣದ ಹನಿ ಬಿದ್ದ ದಿನವೇ ಕಣ್ಣಿಗೆ ಬಿತ್ತು. ಉಚ್ಚೆ ಪರೀಕ್ಷೆ, ಕಲ್ಚರ್ (ಉಚ್ಚೆಯಲ್ಲಿರುವ ರೋಗಾಣು ಬೆಳೆಸಿ ನೋಡುವುದು), ಎಕ್ಸ್‌ರೇ ಆಯಿತು. ಸೋಂಕಿನಿಂದಾಗುವ ಸ್ಟ್ರೂವೈಟ್ ಕಲ್ಲಿರಬೇಕು ಎಂದರು ಡಾಕ್ಟರು. ಆಂಟಿಬಯೋಟಿಕ್ ಕೊಟ್ಟು, ಕಲ್ಲು ಕರಗಿಸಲೆಂದೇ ಇರುವ ಆಹಾರ ಹಾಕಿದೆವು. ಎರಡು ತಿಂಗಳಿಗೆ ಕರಗಿತು.

ಊರಿನದು ಗಂಡು, ಕಾಫಿ ತೋಟ ಸುತ್ತುವಂಥದ್ದು. ಅದು ಎಲ್ಲಿ ಕಾಲೆತ್ತುತ್ತದೆ ಅಂತ ಯಾರು ನೋಡುತ್ತಾರೆ? ಮಳೆಗಾಲದಲ್ಲಂತೂ ಕೇಳಲೇಬೇಡಿ. ಜನವರಿಯಲ್ಲಿ ಒಂದು ದಿನ ಕಾಫಿ ಒಣಗಿಸುವ ಕಣದ ಅಂಚಲ್ಲಿ ಕಾಲೆತ್ತಿ ನಿಂತೇ ಇತ್ತಂತೆ. ಒಣ ಸಿಮೆಂಟಿನ ಮೇಲೆ ಬಿದ್ದದ್ದು ಎರಡೇ ಹನಿ. ಕೆಲಸಕ್ಕೆ ಬಂದ ಹೆಂಗಸು ನೋಡಿ ಹೇಳಿದ್ದಕ್ಕೆ ಗೊತ್ತಾಯಿತು. ಅಣ್ಣ ಮೊದಲು 'ಹೊಟ್ಟೆ ಕಟ್ಟಿರಬೇಕು' ಅಂದ. ಆಮೇಲೆ ಯಾರೋ ಕಲ್ಲು ಅಂದರು, ಬಾಳೆದಿಂಡಿನ ರಸ ಕುಡಿಸಿದ. ಇಷ್ಟರಲ್ಲಿ ಒಂದು ದಿನ ಹೋಯಿತು.

ಗಂಡು ನಾಯಿಯ ಶಿಶ್ನದೊಳಗೆ ಒಂದು ಎಲುಬಿದೆ. ಅಲ್ಲಿ ಮೂತ್ರನಾಳ ಹಿಗ್ಗುವುದಿಲ್ಲ, ಕಲ್ಲು ಬಂದು ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಉಚ್ಚೆ ಪೂರ್ತಿ ಕಟ್ಟಿದರೆ ಕಿಡ್ನಿ ಕೆಡುತ್ತದೆ, ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯವೇ ನಿಲ್ಲಬಹುದು. ರಸ ಕುಡಿಸಿ ಕಾಯುವ ಹೊತ್ತೇ ಅದು? ಕೊನೆಗೆ ಮೈಸೂರಿಗೆ ಒಯ್ದರು. ಕ್ಯಾತಿಟರ್ ಅನ್ನುವ ಸಣ್ಣ ಕೊಳವೆ ಹಾಕಿ, ಸಲೈನ್ ತಳ್ಳಿ, ಕಲ್ಲನ್ನು ಮೂತ್ರಕೋಶಕ್ಕೆ ವಾಪಸ್ ಕಳಿಸಿ, ಮರುದಿನ ಆಪರೇಷನ್ ಮಾಡಿದರು.

ಆ ಕಲ್ಲುಗಳನ್ನು ಅಣ್ಣ ಮಾತ್ರೆ ಡಬ್ಬಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದ. ಜಗಳ ಮಾಡಿ ಲ್ಯಾಬಿಗೆ ಕಳಿಸಿದೆ. ಕ್ಯಾಲ್ಸಿಯಂ ಆಕ್ಸಲೇಟ್. ಅದು ಯಾವ ಆಹಾರಕ್ಕೂ ಕರಗುವುದಿಲ್ಲ, ತೆಗೆದರೂ ಮತ್ತೆ ಆಗುವ ಸಂಭವ ಜಾಸ್ತಿ. ಕಲ್ಲು ಯಾವುದು ಅಂತ ತಿಳಿಯದೆ ಮುಂದೇನು ಮಾಡುವುದು ಅಲ್ವಾ?

ಹಾಗಂತ ಪೇಟೆಯವರು ಬೀಗುವ ಹಾಗಿಲ್ಲ. ಇಲ್ಲಿ ನಾಯಿಗಳನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಕೆಳಗಿಳಿಸುತ್ತೇವೆ. ನಡುವೆ 12 ಗಂಟೆ ಪಾಪ ತಡೆದುಕೊಂಡಿರುತ್ತವೆ. ಮೇಲಿಂದ ತಿನ್ನುವುದು ಪ್ಯಾಕೆಟ್ಟಿನ ಒಣ ಕಾಳು (ಡಾಗ್ ಫುಡ್). ಉಚ್ಚೆ ಮಂದವಾಗಿ ಕಲ್ಲು ಕಟ್ಟಲು ದಾರಿಯಾಗದೆ ಇನ್ನೇನಾಗುತ್ತದೆ? ಊರಿನ ಅನ್ನ-ಸಾರಿನಲ್ಲಾದರೂ ನೀರಿದೆ. (ಅಣ್ಣ ಇದನ್ನು ಚುಚ್ಚಿ ಹೇಳದೆ ಬಿಡಲಿಲ್ಲ.) ಈಗ ನಾನು ಕಾಳಿಗೆ ಒಂದು ಲೋಟ ನೀರು ಸುರಿದೇ ಇಡುತ್ತೇನೆ.

ಅಣ್ಣನಿಗೆ ಹೇಳಿರುವುದು ಇಷ್ಟೇ: ದಿನಕ್ಕೊಮ್ಮೆ ನಾಯಿ ಹಿಂದೆ ಹೋಗು, ಧಾರೆ ಸರಿಯಾಗಿ ಬರುತ್ತಾ ನೋಡು. "ನಾಯಿ ಉಚ್ಚೆ ನೋಡೋದೊಂದು ಬಾಕಿ ಇತ್ತು" ಅಂತ ಗೊಣಗುತ್ತಾನೆ. ಹೋಗುತ್ತಾನೆ ಕೂಡ.