ಸುಝೌನಲ್ಲಿ ಸುಮ್ನೆ ಕೂರುವುದು

ಗೈಡ್‌ಗಳ ಸೊಂಟಕ್ಕೆ ಸ್ಪೀಕರ್ ಕಟ್ಟುವ ಐಡಿಯಾ ಯಾರದ್ದೋ, ಅವರನ್ನು ಒಂದು ಶನಿವಾರ ಸುಝೌನಲ್ಲಿ ಬಿಟ್ಟು ಬರಬೇಕು. ಶಾಂಘೈನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಕಾಲುವೆ ದಂಡೆಯಲ್ಲಿ ಸುಮ್ನೆ ಕೂತು ಚಹಾ ಕುಡಿಯೋಣ ಅಂತ ಹೋದವಳು ನಾನು. ಸುಮ್ನೆ ಕೂರಲು ಬಂದವರಿಂದಲೇ ಪಿಂಗ್‌ಜಿಯಾಂಗ್ ರಸ್ತೆ ತುಂಬಿಹೋಗಿತ್ತು. ಪ್ರತಿ ಸೇತುವೆಯ ಮೇಲೂ ಬಾಡಿಗೆ ಉಡುಪಿನ ರಾಜಕುಮಾರಿ, ಅವಳ ಮುಂದೆ ಮಂಡಿಯೂರಿದ ಫೋಟೋಗ್ರಾಫರ್. ಅವನು ಕೈ ಬೀಸಿ ನನ್ನನ್ನು ಆಚೆ ಸರಿಸಿದ. ಹಾಗಾಗಿ ಫೋಟೋದಲ್ಲಿ ಸುಝೌ ಖಾಲಿಯಾಗಿ ಕಾಣುತ್ತದೆ. ಅದನ್ನು ನೋಡಿ ಮುಂದಿನ ವಾರ ಇನ್ನೂ ಜಾಸ್ತಿ ಜನ ಬರುತ್ತಾರೆ.

ಸಾಲದ್ದಕ್ಕೆ ಎಲ್ಲರ ಬಾಯಲ್ಲೂ 'ಪೂರ್ವದ ವೆನಿಸ್'. ನಮ್ಮ ಅಲೆಪ್ಪಿಗೂ ಅದೇ ಬಿರುದು ಅಂಟಿಸಿದ್ದಾರಲ್ವಾ! ಸುಝೌ ಕ್ರಿ.ಪೂ. 514ರಲ್ಲಿ ಕಟ್ಟಿದ ಊರು. ಆಗ ವೆನಿಸ್ ಇರಲೇ ಇಲ್ಲ. 1229ರಲ್ಲಿ ಊರಿನ ನಕ್ಷೆಯನ್ನೇ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ: ಒಂದು ಬೀದಿ, ಪಕ್ಕದಲ್ಲೇ ಒಂದು ಕಾಲುವೆ. ಹಳೆಯ ಊರಿನ ಹಂದರ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಹೋಲಿಕೆ ಬೇಕೇ ಬೇಕಿದ್ದರೆ ವೆನಿಸ್ಸನ್ನು ಪಶ್ಚಿಮದ ಸುಝೌ ಅನ್ನಲಿ.

ಸಿಟ್ಟು ಇಳಿಸಿಕೊಳ್ಳಲು ಝುವೊಝೆಂಗ್ ಯುವಾನ್ ತೋಟಕ್ಕೆ ಹೋದೆ. ಅಲ್ಲಿಯೂ ಸ್ಪೀಕರ್. ಬಿಡುವಿನ ಬಗ್ಗೆ ಈ ತೋಟದಿಂದ ಏನಾದರೂ ಕಲಿತು ಬರೆಯಬೇಕು ಅಂತ ಇತ್ತು. ತಲೆಗೆ ಹತ್ತಿದ್ದು ಮಾತ್ರ ತೋಟದ ಯಜಮಾನನ ಮಗ.

ಯಜಮಾನ ವಾಂಗ್ ಷಿಯಾನ್‌ಚೆನ್, ಮಿಂಗ್ ಅರಸರ ಕಾಲದ ಅಧಿಕಾರಿ. ದೊಡ್ಡವರನ್ನು ಎದುರು ಹಾಕಿಕೊಂಡು ಪೆಟ್ಟು ತಿಂದವನು. 16ನೇ ಶತಮಾನದ ಶುರುವಿನಲ್ಲಿ ಊರಿಗೆ ಮರಳಿ ತೋಟ ಮಾಡಿದ. ತರಕಾರಿ ಬೆಳೆಯುವುದೇ ನನ್ನಂಥ ದಡ್ಡನ ರಾಜಕಾರಣ ಅನ್ನುವ ಅರ್ಥದ ವಿನಯದ ಹೆಸರಿಟ್ಟ. ತೋಟ ಈಗ ಸುಮಾರು 13 ಎಕರೆ! ಅಷ್ಟು ವಿನಯ ನನಗೂ ಇರಲಿ. ಗೆಳೆಯ ವೆನ್ ಝೆಂಗ್‌ಮಿಂಗ್ ಅದರ 31 ನೋಟಗಳನ್ನು ಚಿತ್ರ ಬರೆದು, ಒಂದೊಂದಕ್ಕೂ ಪದ್ಯ ಕಟ್ಟಿದ.

ಅಪ್ಪ ಸತ್ತ ಮೇಲೆ ಮಗ ಒಂದೇ ರಾತ್ರಿ ಜೂಜಿನಲ್ಲಿ ಇಡೀ ತೋಟ ಸೋತನಂತೆ. ಒಂದೇ ರಾತ್ರಿ! ಹೇಗೆ ಸೋತಿರಬಹುದು? ಒಮ್ಮೆಗೇ ಎಲ್ಲವನ್ನೂ ಪಣಕ್ಕೆ ಒಡ್ಡಿದನೋ, ಮೊದಲು ಬಿದಿರಿನ ಮೆಳೆ, ಆಮೇಲೆ ಮಂಟಪ, ಕೊನೆಗೆ ತಾವರೆ ಕೊಳ ಅಂತ ಕಂತಿನಲ್ಲೋ? ನೀರನ್ನು ಸೋತ ಮೇಲೆ ಅದರ ಮೇಲಿನ ಸೇತುವೆ ಯಾರದ್ದು? ವ್ಯಾಜ್ಯಕ್ಕೆ ಒಳ್ಳೆಯ ವಿಷಯ. ಇಸ್ಪೀಟಿನಲ್ಲಿ ಅಡಿಕೆ ತೋಟ ಕಳೆದವರ ಕಥೆ ನಮ್ಮಜ್ಜಿಯ ಬಾಯಲ್ಲಿ ಎಷ್ಟೋ ಕೇಳಿದ್ದೇನೆ. ಅದರಲ್ಲೆಲ್ಲ ಕೊನೆಯ ಎಲೆ ಬೀಳುವ ಹೊತ್ತಿಗೆ ಹೆಂಡತಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಇಲ್ಲಿ ಅವಳ ಸುಳಿವೇ ಇಲ್ಲ. ಇನ್ನು ಆ 31 ಚಿತ್ರಗಳು! ಗೆದ್ದವನಿಗೆ ಅವೇ ಆಸ್ತಿಯ ಪಟ್ಟಿ ಆಗಿರಬೇಕು: ಇದು ಬಂತು, ಇದು ಬಂತು, ಪೀಚ್ ಮರ ಎಲ್ಲಯ್ಯಾ?

ಗೆದ್ದ ಷು ಮನೆತನದ ಕೈಯಲ್ಲೂ ತೋಟ ಉಳಿಯಲಿಲ್ಲ. 1860ರ ಹೊತ್ತಿಗೆ ಚೀನಾದ ಅರಸೊತ್ತಿಗೆಯ ವಿರುದ್ಧ ಎದ್ದ ತೈಪಿಂಗ್ ಬಂಡಾಯದ ಸೇನಾನಿ ಲಿ ಷಿಯುಚೆಂಗ್ ಬಂದು ಕೂತ. 1952ರಲ್ಲಿ ಜನರಿಗೆ ತೆರೆದರು. ಜನ ಬಂದೇ ಬಂದರು.

ಸಂಜೆ ಒಂದು ಚಹಾದಂಗಡಿಯಲ್ಲಿ ಪಿಂಗ್‌ಟಾನ್ ಕೇಳಿದೆ, ಅಂದರೆ ಹಾಡುತ್ತಾ ಕಥೆ ಹೇಳುವ ಇಲ್ಲಿನ ಕಲೆ. ಗಂಡಸಿನ ಕೈಲಿ ಮೂರು ತಂತಿಯ ಸಾನ್‌ಷಿಯಾನ್, ಹೆಂಗಸಿನ ಕೈಲಿ ಪೀಪಾ ಅನ್ನುವ ತಂತಿವಾದ್ಯ. ಹಿಂದೆ ಒಂದೇ ಕಥೆಯನ್ನು ದಿನಕ್ಕೊಂದು ಭಾಗದಂತೆ ವಾರಗಟ್ಟಲೆ ಹೇಳುತ್ತಿದ್ದರು. ಇಲ್ಲಿ ಮೆನು ಕಾರ್ಡಿನಲ್ಲಿ ಹಾಡಿನ ಹೆಸರು, ಎದುರಿಗೆ ದರ. ಪಕ್ಕದ ಟೇಬಲ್ಲಿನವರು ದುಡ್ಡು ಕೊಟ್ಟು ಒಂದು ಹಾಡು ಹೇಳಿಸಿದರು, ಅದು ಮುಗಿಯುವವರೆಗೂ ಫೋನಿನಲ್ಲಿ ಮಾತಾಡಿದರು. ನಾನು ಪುಕ್ಕಟೆ ಕೇಳಿದೆ.