ಹತ್ತು ನಿಮಿಷದ ತಟ್ಟೆ

“ನಿಮ್ಮ ಮನೆಯವರು ಊರಲ್ಲಿಲ್ವಾ?”

ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಇಷ್ಟೇ. ಪಕ್ಕದ ಬೀದಿಯವರು, ಹೊಸ ಪರಿಚಯ, ಗಂಡ ಹೆಂಡತಿ ಇಬ್ಬರೂ ಮೊದಲ ಸಲ ನಮ್ಮ ಮನೆಗೆ ಬಂದಿದ್ದರು. ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ. ನನ್ನ ಹೆಂಡತಿ ಎಲ್ಲೋ ಹೋಗಿದ್ದಾಳೆ, ಇಷ್ಟೆಲ್ಲ ನಾನೊಬ್ಬನೇ ಮಾಡಿ ಹಾಕಿದ್ದೇನೆ ಅಂತ ನಿಜಕ್ಕೂ ಅಂದುಕೊಂಡಿದ್ದರು. ಅವಳು ಇಪ್ಪತ್ತು ಅಡಿ ದೂರದಲ್ಲಿ, ಅಡುಗೆಮನೆಯಲ್ಲಿ, ಮದ್ದೂರು ವಡೆಯ ಕೊನೆಯ ಒಬ್ಬೆ ಕರಿಯುತ್ತಿದ್ದಳು.

ಅವರು ತಿಂದ ವಡೆ ಅವಳದ್ದೇ. ನಾನು ಬರೀ ತಟ್ಟೆ ಹೊತ್ತವನು.

ನಾವು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ಸಿಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಜುಲೈ ಅಂದ್ರೆ ರಾತ್ರಿ ಒಂಬತ್ತಾದರೂ ಬೆಳಕು. ಆರು ತಿಂಗಳು ಮುದುರಿಕೊಂಡು ಕೂತಿದ್ದ ಜನ ಹಿತ್ತಲಿಗೆ ಕುರ್ಚಿ ಎಳೆದುಕೊಂಡು ಬಂದು ಕೂರುವ ಕಾಲ. ಇಲ್ಲಿಯ ಸ್ವಾತಂತ್ರ್ಯ ದಿನ, ಜುಲೈ 4ರ ಸುತ್ತಮುತ್ತ ಯಾರಾದರೂ ಯಾರನ್ನಾದರೂ ಕರೆಯುತ್ತಲೇ ಇರುತ್ತಾರೆ. ಆ ಸಲ ನಾವು ಹದಿನಾಲ್ಕು ಜನರನ್ನು ಕರೆದಿದ್ದೆವು. ವಡೆ, ಮೆಣಸಿನಕಾಯಿ ಬಜ್ಜಿ, ಪುಳಿಯೋಗರೆ, ಕೋಸಂಬರಿ, ಮೊಸರನ್ನ, ಶಾವಿಗೆ ಪಾಯಸ. ಬೆಳಿಗ್ಗೆ ಹನ್ನೊಂದಕ್ಕೆ ಒಲೆ ಹಚ್ಚಿದ್ದು. ನಡುವೆ ಎರಡು ಸಲ ಹೊಗೆಯ ಅಲಾರಂ ಕೂಗಿಕೊಂಡಿತು. ಪ್ರತಿ ಸಲವೂ ನಾನು ಸ್ಟೂಲ್ ಹತ್ತಿ ಟವೆಲ್ ಬೀಸಿದೆ. ಬಂದವರೆಲ್ಲ ಹೊಗಳಿ ಹೊಗಳಿ ತಿಂದರು. ಕೊನೆಗೆ ಈ ಪ್ರಶ್ನೆ.

ಅವಳಿಗೂ ಕೇಳಿಸಿತ್ತು. ಬಾಣಲೆ ಇಳಿಸುತ್ತಾ, “ಊರಲ್ಲೇ ಇದ್ದೀನಿ, ಎಣ್ಣೆ ಮುಂದೆ ಇದ್ದೀನಿ ಅನ್ನಬೇಕಿತ್ತು ನೀವು” ಅಂದಳು. ನಕ್ಕೆವು. ನಕ್ಕಿದ್ದು ಜಾಸ್ತಿ ಹೊತ್ತು ಉಳಿಯಲಿಲ್ಲ.

ಮೂರು ವಾರ ಬಿಟ್ಟು ಅವರು ನಮ್ಮನ್ನು ಕರೆದರು. ಐದೂವರೆಗೆ ಹೋದೆವು. ಕರೆದಾಕೆ ಆಗಲೇ ಹಿತ್ತಲ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ನನಗೆ ಮೊದಲು ಹೊಳೆದದ್ದು, ಅಯ್ಯೋ ದಿನ ತಪ್ಪಿ ಬಂದೆವೇನೋ ಅಂತ. ಅಡುಗೆಯ ವಾಸನೆಯೇ ಇಲ್ಲ. ಮೇಜಿನ ಮೇಲೆ ಒಂದೇ ಒಂದು ದೊಡ್ಡ ತಟ್ಟೆ. ಅದರಲ್ಲಿ ಸಾಲಾಗಿ ಕಲ್ಲಂಗಡಿಯ ಚೌಕದ ಹೋಳು, ಒಂದೊಂದರ ಮೇಲೆ ಒಂದು ಪುದೀನ ಎಲೆ, ಅದರ ಮೇಲೆ ಬಿಳೀ ಚೀಸ್ ತುಂಡು, ಮೂರನ್ನೂ ಸೇರಿಸಿ ಚುಚ್ಚಿದ ಹಲ್ಲುಕಡ್ಡಿ. ಮೇಲೆ ಒಂದಿಷ್ಟು ಕಾಳುಮೆಣಸಿನ ಪುಡಿ, ನಿಂಬೆರಸ. ಇದಾ, ಅಂತ ಮನಸ್ಸಲ್ಲೇ ಅಂದುಕೊಂಡು ಒಂದು ಬಾಯಿಗಿಟ್ಟೆ.

ತಣ್ಣಗೆ, ಸಿಹಿಯಾಗಿ, ಹಿಂದೆಯೇ ಉಪ್ಪು. ಆಮೇಲೆ ಪುದೀನದ ಗಾಳಿ. ಏಳನೆಯದಕ್ಕೆ ಕೈ ಹಾಕುವಾಗ ಹೆಂಡತಿ ಕಾಲು ತುಳಿದಳು.

ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದೆ. ಹತ್ತು ನಿಮಿಷ ಅಂದರು. ಇಡೀ ಸಂಜೆಯಲ್ಲಿ ಅವರು ಎದ್ದಿದ್ದು ಎರಡು ಸಲ, ಒಂದು ಸಲ ಐಸ್ ತರಲು, ಇನ್ನೊಂದು ಸಲ ನಾಯಿಯನ್ನು ಒಳಗೆ ಬಿಡಲು. ಗಂಡ ಗ್ರಿಲ್ ಮೇಲೆ ಜೋಳದ ತೆನೆ ಸುಟ್ಟರು. ಮಿಕ್ಕಿದ್ದೆಲ್ಲ ಮಾತು. ನನ್ನ ಹೆಂಡತಿ ಅವತ್ತು ಮೂರು ಗಂಟೆ ಕೂತು ಮಾತಾಡಿದಳು. ಮದುವೆಯಾದ ಮೇಲೆ ನಾಲ್ಕು ಜನರ ಮಧ್ಯೆ ಅವಳು ಅಷ್ಟು ಹೊತ್ತು ಕೂತಿದ್ದು ನಾನು ನೋಡಿದ್ದು ಅದೇ ಮೊದಲು ಅನ್ನಿಸುತ್ತದೆ.

ಆ ತಟ್ಟೆ ಈಗ ನಮ್ಮ ಮನೆಯಲ್ಲೂ ಆಗುತ್ತದೆ, ನಾನೇ ಮಾಡುತ್ತೇನೆ. ಕೆಡಿಸಿ ಕೆಡಿಸಿ ಕಲಿತದ್ದನ್ನು ಹೇಳಿಬಿಡುತ್ತೇನೆ. ಹಣ್ಣನ್ನು ಒಂದಿಂಚಿನ ಹೋಳು ಮಾಡಬೇಕು. ದೊಡ್ಡದಾದರೆ ಎರಡು ಸಲ ಕಚ್ಚಬೇಕಾಗುತ್ತದೆ, ರಸ ಅಂಗಿಗೆ. ಸಣ್ಣದಾದರೆ ಕಡ್ಡಿ ಚುಚ್ಚಿದ ಕೂಡಲೇ ಸೀಳುತ್ತದೆ. ಹಣ್ಣು ಹಿಂದಿನ ರಾತ್ರಿಯೇ ಫ್ರಿಜ್ ಸೇರಿರಬೇಕು. ಚೀಸ್ ಅಂದ್ರೆ ಫೆಟಾ. ಪುಡಿ ಮಾಡಿ ಡಬ್ಬಿಯಲ್ಲಿ ಮಾರುವುದು ಬೇಡ. ಅಂಟದಿರಲಿ ಅಂತ ಅದಕ್ಕೆ ಸಾಮಾನ್ಯವಾಗಿ ಸೆಲ್ಯುಲೋಸ್ ಪುಡಿ ಬೆರೆಸಿರುತ್ತಾರೆ, ಬಾಯಿಗೆ ಹಿಟ್ಟುಹಿಟ್ಟು. ಉಪ್ಪುನೀರಲ್ಲಿ ಮುಳುಗಿಸಿಟ್ಟ ಗಟ್ಟಿ ಇಟ್ಟಿಗೆಯಂಥದ್ದು ತಂದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಹಣ್ಣಿಗಿಂತ ಚಿಕ್ಕದಾಗಿ ಕತ್ತರಿಸಬೇಕು. ಕಡ್ಡಿಯನ್ನು ಚೀಸ್ ಕಡೆಯಿಂದ ಚುಚ್ಚಿದರೆ ಹಣ್ಣು ಕೆಳಗೆ ಪೀಠದ ಹಾಗೆ ಕೂರುತ್ತದೆ. ಬೇರೆ ಉಪ್ಪು ಬೇಡವೇ ಬೇಡ. ಫೆಟಾ ಉಪ್ಪಲ್ಲೇ ಕೂತು ಬಂದಿರುತ್ತದೆ.

ಇದು ಅಮೆರಿಕದವರ ಜಾಣತನವೂ ಅಲ್ಲ ಬಿಡಿ. ಗ್ರೀಸಿನಲ್ಲಿ ಬೇಸಿಗೆಗೆ ಕಲ್ಲಂಗಡಿ, ಫೆಟಾ ಒಟ್ಟಿಗೆ ತಿನ್ನುವುದು ಹಳೆಯ ರೂಢಿ. ಸೈಪ್ರಸ್ಸಿನಲ್ಲಿ ಕಲ್ಲಂಗಡಿಯ ಜೊತೆ ಹಲೂಮಿ ಅನ್ನುವ ಅಲ್ಲಿಯದೇ ಚೀಸ್. ಯುರೋಪಿನ ಕಾನೂನಿನಲ್ಲಿ 2002ರಿಂದ ಫೆಟಾ ಅನ್ನುವ ಹೆಸರು ಗ್ರೀಸಿಗೇ ಮೀಸಲು, ಅದೂ ಕುರಿ ಹಾಲಿನದ್ದು, ಆಡಿನ ಹಾಲು ಬೆರೆಸಿದರೂ ನೂರಕ್ಕೆ 30 ಮೀರುವಂತಿಲ್ಲ. ಇಲ್ಲಿ ಆ ಕಟ್ಟುಪಾಡಿಲ್ಲ. ಹಸುವಿನ ಹಾಲಿನದ್ದಕ್ಕೂ ಫೆಟಾ ಅಂತಲೇ ಹೆಸರು ಹಚ್ಚಿ ಮಾರುತ್ತಾರೆ. ನಾನು ತರುವುದು ಅದನ್ನೇ. ಕುರಿ ಹಾಲಿನದ್ದರ ವಾಸನೆ ನಮ್ಮವಳಿಗೆ ಆಗುವುದಿಲ್ಲ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

“ಹಣ್ಣಿಗೆ ಹಾಲಿಂದು ಸೇರಿಸ್ತಾರೇನೋ? ಹೊಟ್ಟೆ ಕೆಡಲ್ವೇನೋ?”

“ಅಮ್ಮ, ಸೀಕರಣೆಗೆ ನೀನು ಏನು ಹಾಕ್ತೀಯ?”

“ಅದು ಬೇರೆ ಕಣೋ.”

ಅದು ಯಾಕೆ ಬೇರೆ ಅಂತ ಇವತ್ತಿಗೂ ಹೇಳಿಲ್ಲ. ಎರಡನೆಯ ಪ್ರಶ್ನೆ ಮಾತ್ರ ಗಟ್ಟಿಯಾಗಿತ್ತು. “ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದಿದ್ದು ಏನೋ ಹಾಕ್ತಾರಂತಲ್ಲ?” ನಿಜ, ಹಾಲು ಒಡೆಯಲು ಹಾಕುವ ರೆನೆಟ್ ಮೊದಲೆಲ್ಲ ಬರುತ್ತಿದ್ದದ್ದು ಅಲ್ಲಿಂದಲೇ. 1990ರಲ್ಲಿ ಅಮೆರಿಕ ಸರ್ಕಾರ ಸೂಕ್ಷ್ಮಜೀವಿಗಳಿಂದ ಮಾಡಿಸಿಕೊಳ್ಳುವ ಅದೇ ಕಿಣ್ವಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಇಲ್ಲಿಯ ಬಹುಪಾಲು ಚೀಸ್ ಅದರಲ್ಲೇ ಆಗುವುದು. ಆದರೂ ನಾನು ಅಂಗಡಿಯಲ್ಲಿ ಕನ್ನಡಕ ಹಣೆಗೇರಿಸಿ ಪೊಟ್ಟಣದ ಹಿಂಬದಿ ಓದುತ್ತೇನೆ. ‘ವೆಜಿಟೇರಿಯನ್’ ಅಥವಾ ‘ಮೈಕ್ರೋಬಿಯಲ್’ ಅಂತಿದ್ದರೆ ಮಾತ್ರ ಗಾಡಿಗೆ. ಬರೀ ‘ಎಂಜೈಮ್ಸ್’ ಅಂತ ಬರೆದು ಕೈ ತೊಳೆದುಕೊಂಡಿದ್ದರೆ ವಾಪಸ್ಸು ಇಡುತ್ತೇನೆ. ಒಂದು ಸಲ ಈ ತಾಪತ್ರಯವೇ ಬೇಡ ಅಂತ ಪನೀರ್ ಚುಚ್ಚಿದೆ. ಉಪ್ಪಿಲ್ಲದ ಪನೀರು ಕಲ್ಲಂಗಡಿಯ ಮೇಲೆ ಸುಮ್ನೆ ಕೂತಿತ್ತು, ಮದುವೆ ಮನೆಗೆ ತಪ್ಪಿ ಬಂದವರ ಹಾಗೆ. ಚಾಟ್ ಮಸಾಲ ಉದುರಿಸಿದ ಮೇಲೆ ಪರವಾಗಿಲ್ಲ ಅನ್ನಿಸಿತು. ತಾಜಾ ಅನಾನಸ್ ಚುಚ್ಚಿ ಮೊದಲೇ ಇಟ್ಟಿದ್ದ ದಿನ ಇನ್ನೂ ಕಷ್ಟ. ಅದರಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಮುರಿಯುತ್ತದೆ. ಅರ್ಧ ಗಂಟೆಯಲ್ಲಿ ಚೀಸ್ ಕಹಿಯಾಗಿ ಮೆತ್ತಗಾಗಿತ್ತು.

ಕಲ್ಲಂಗಡಿಯನ್ನೂ ಮೊದಲ ಸಲ ಕೆಡಿಸಿದ್ದೆ. ಎಲ್ಲ ಚುಚ್ಚಿ ಫ್ರಿಜ್ಜಿಗೆ ಇಟ್ಟು, ಸ್ನಾನ ಮಾಡಿ ಬಂದು ತೆಗೆದರೆ ತಟ್ಟೆ ತುಂಬ ಗುಲಾಬಿ ನೀರು. ನೂರಕ್ಕೆ 92 ಪಾಲು ನೀರಿರುವ ಹಣ್ಣಿಗೆ ಉಪ್ಪುಪ್ಪು ಚೀಸ್ ತಾಗಿಸಿ ಅಷ್ಟು ಹೊತ್ತು ಇಟ್ಟರೆ ಇನ್ನೇನಾಗುತ್ತದೆ. ಹೆಂಡತಿ ನೋಡಿ ಹೇಳಿದ್ದು, “ಕೋಸಂಬರಿಗೆ ಯಾವಾಗ ಉಪ್ಪು ಹಾಕ್ತಾರೆ ಹೇಳಿ?” ಎಲೆ ಹಾಕಿದ ಮೇಲೆ. ಗೊತ್ತಿತ್ತು. ಹಲ್ಲುಕಡ್ಡಿ ನೋಡಿದ ತಕ್ಷಣ ಗೊತ್ತಿದ್ದದ್ದೆಲ್ಲ ಮರೆತುಹೋಗಿತ್ತು. ಈಗ ಬಂದವರು ಕಾರು ನಿಲ್ಲಿಸುವಾಗ ಚುಚ್ಚಲು ಶುರು ಮಾಡುತ್ತೇನೆ. ಹೆಚ್ಚಿದ ಹಣ್ಣನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ, ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮ ಸೆಲ್ಸಿಯಸ್ಸಿನ 32 ದಾಟಿದ್ದರೆ ಒಂದೇ ಗಂಟೆ ಅಂತ ಇಲ್ಲಿಯವರು ಗಡಿಯಾರ ನೋಡುತ್ತಾರೆ. ನಮ್ಮ ತಟ್ಟೆ ಅಷ್ಟು ಹೊತ್ತು ಉಳಿದದ್ದೇ ಇಲ್ಲ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಊರಲ್ಲಿ ಇದನ್ನು ಮಾಡಿ ಇಡಲು ಆಗುತ್ತಿತ್ತೇ? ಬಂದವರ ಮುಂದೆ ಹಣ್ಣಿನ ತಟ್ಟೆ ಇಟ್ಟು ಕೂತರೆ ಮಾರನೆಯ ದಿನ ದೊಡ್ಡಮ್ಮನ ಮನೆವರೆಗೂ ಸುದ್ದಿ ಹೋಗುತ್ತದೆ, “ಹಣ್ಣು ಹೆಚ್ಚಿಟ್ಟು ಕಳಿಸಿದಳಂತೆ.” ನಮ್ಮಲ್ಲಿ ಹಣ್ಣು ಅಂದ್ರೆ ಆಸ್ಪತ್ರೆಗೆ ಒಯ್ಯುವುದು, ಇಲ್ಲಾ ತಾಂಬೂಲಕ್ಕೆ ಇಡುವುದು. ಮರ್ಯಾದೆ ಇರುವುದು ಎಣ್ಣೆಯಲ್ಲಿ. ಒಲೆಯ ಮುಂದೆ ಎಷ್ಟು ಹೊತ್ತು ಬೆಂದಿರಿ ಅನ್ನುವುದೇ ಲೆಕ್ಕ. ನಾಲ್ಕು ಬಗೆ ಮಾಡಿ, “ಏನೂ ಮಾಡಿಲ್ಲ, ಏನೋ ಒಂದಿಷ್ಟು” ಅನ್ನಬೇಕು. ಬೇಡ ಬೇಡ ಅನ್ನುವವರ ಎಲೆಗೆ “ಇನ್ನೊಂದೇ ಒಂದು” ಅಂತ ಹಾಕಬೇಕು. ಎಲ್ಲರ ಎಲೆ ಎತ್ತಿದ ಮೇಲೆ ತಣ್ಣಗಾದ ಸಾರಿನಲ್ಲಿ ತಾನು ಉಣ್ಣಬೇಕು. ನಮ್ಮ ಮನೆಯ ಗೃಹಪ್ರವೇಶದ ಫೋಟೋಗಳಲ್ಲಿ ಅಮ್ಮ ಇರುವುದು ಪೂಜೆಗೆ ಕೂತ ಒಂದರಲ್ಲಿ ಮಾತ್ರ. ಆಲ್ಬಮ್ಮನ್ನು ಇಲ್ಲಿಗೆ ತಂದಿದ್ದೇನೆ, ಒಂದು ರಾತ್ರಿ ತೆಗೆದು ನೋಡಿದೆ. ಉಳಿದ ಯಾವ ಫೋಟೋದಲ್ಲೂ ಅವಳಿಲ್ಲ. ಯಾರಾದರೂ ನೋಡಿದವರು ಕೇಳಬಹುದು, ನಿಮ್ಮಮ್ಮ ಊರಲ್ಲಿರಲಿಲ್ವಾ ಅಂತ.

ರಾಮನವಮಿ ಇಲ್ವಾ ಅಂತೀರಿ. ಕರಬೂಜದ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಒಲೆಯೇ ಬೇಡ, ಬೇಸಿಗೆಗೆ ಇದಕ್ಕಿಂತ ಒಳ್ಳೆಯದು ಯಾವ ದೇಶದಲ್ಲೂ ಇಲ್ಲ. ಒಪ್ಪಿದೆ. ಆದರೆ ಅದು ರಾಮನಿಗೆ. ಅದೇ ಮೂರನ್ನು ಮೇ ತಿಂಗಳಲ್ಲಿ ಬಂದ ನೆಂಟರಿಗೆ ಇಟ್ಟು ಸುಮ್ಮನಾಗಿ ನೋಡೋಣ. ದೇವರಿಗೆ ಸಾಕಾದದ್ದು ಭಾವನವರಿಗೆ ಸಾಲುವುದಿಲ್ಲ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಹೆಂಡತಿ ಓದಿ, ಬಿಡಲಿಲ್ಲ.

ಮೊದಲನೆಯದು, ಆ ದಿನ ಅವರ ಮನೆಯಿಂದ ಬಂದು ನಾವು ಮಾಡಿದ್ದನ್ನು ಯಾಕೆ ಬರೆದಿಲ್ಲ ಅಂತ. ಸರಿ, ಬರೆಯುತ್ತೇನೆ. ಒಂಬತ್ತೂವರೆಗೆ ಬಂದು, ಅನ್ನಕ್ಕಿಟ್ಟು, ಉಪ್ಪಿನಕಾಯಿ ಹಾಕಿಕೊಂಡು ಮೊಸರನ್ನ ಉಂಡೆವು. ಏಳು ಕಡ್ಡಿ, ಒಂದು ತೆನೆ, ಅಷ್ಟೇ ಸಿಕ್ಕಿದ್ದು. ಇನ್ನೊಂದು ತಗೊಳ್ಳಿ ಅಂತ ಯಾರೂ ಅನ್ನಲಿಲ್ಲ. ಹಾಗೆ ಅಂದಿದ್ದರೆ ಚೆನ್ನಾಗಿತ್ತು ಅಂತ ನನಗೆ ಆಗಲೇ ಅನ್ನಿಸಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ.

ಎರಡನೆಯದು ಸ್ವಲ್ಪ ಕಷ್ಟದ್ದು. “ನೀವು ಯಾವತ್ತಾದ್ರೂ ಅಡುಗೆಮನೆ ಒಳಗೆ ಬಂದಿದ್ರಾ?” ಅಂದಳು. “ನಿಮ್ಮ ಗೃಹಪ್ರವೇಶದಲ್ಲಿ ಅತ್ತೆ, ದೊಡ್ಡತ್ತೆ, ಚಿಕ್ಕಮ್ಮಂದಿರು ಎಲ್ಲ ಒಳಗೆ ಎಷ್ಟು ನಗ್ತಿದ್ರು ಗೊತ್ತಾ? ಹಿತ್ತಲಲ್ಲಿ ಚಪಾತಿ ಒತ್ತುತ್ತಾ ನಿಮ್ಮ ಚಿಕ್ಕಪ್ಪನ ನಡಿಗೆ ಅಣಕಿಸಿದ್ದು ಯಾರು ಅಂತ ಹೇಳಲಾ? ಹಾಲ್‌ನಲ್ಲಿ ನೀವೆಲ್ಲ ಪೇಪರ್ ಹಿಡ್ಕೊಂಡು ಫ್ಯಾನ್ ನೋಡ್ತಾ ಕೂತಿದ್ರಿ. ಅತ್ತೆ ಫೋಟೋದಲ್ಲಿಲ್ಲ ನಿಜ. ಫೋಟೋ ತೆಗೆಯೋನು ಒಳಗೆ ಬರಲೇ ಇಲ್ಲವಲ್ಲ.”

ನಾನು ಏನೂ ಹೇಳಲಿಲ್ಲ.

“ಜುಲೈನಲ್ಲಿ ನನಗೆ ಬೇಜಾರಾಗಿದ್ದು ಕರಿದಿದ್ದಕ್ಕಲ್ಲ. ಒಬ್ಬಳೇ ಕರಿದಿದ್ದಕ್ಕೆ.”

ನನ್ನ ವಾದ ಪೂರ್ತಿ ಬಿದ್ದುಹೋಯಿತು ಅಂತ ನಾನು ಒಪ್ಪುವುದಿಲ್ಲ. ತಣ್ಣಗಾದ ಸಾರು ತಣ್ಣಗಾದ ಸಾರೇ. ಅಮ್ಮನ ಮಂಡಿ ನೋವು ನಗುವಿನಿಂದ ಬಂದದ್ದಲ್ಲ. ಆದರೆ ಹಿತ್ತಲಿನ ಕುರ್ಚಿಯಲ್ಲಿ ಕೂತು ಹವಾಮಾನ, ಮನೆ ಸಾಲ, ನಾಯಿಯ ಅಲರ್ಜಿ ಇಷ್ಟರಲ್ಲೇ ಮೂರು ಗಂಟೆ ಕಳೆದದ್ದೂ ನಿಜ. ಅಲ್ಲಿ ಯಾರೂ ಯಾರ ನಡಿಗೆಯನ್ನೂ ಅಣಕಿಸಲಿಲ್ಲ.

ಹೋದ ತಿಂಗಳು ಅದೇ ದಂಪತಿ ಮತ್ತೆ ಬಂದರು, ಬೇರೆ ಕೆಲವರೂ ಇದ್ದರು. ನಾನು ಕಲ್ಲಂಗಡಿ ಚುಚ್ಚಿ ಹಿತ್ತಲಿಗೆ ಒಯ್ದು ಕೂತೆ. ಇವಳು ಒಳಗೆ ಒಂದಿಷ್ಟೇ ಇಷ್ಟು ಬಜ್ಜಿಗೆ ಹಿಟ್ಟು ಕಲಸಿದಳು. ಸ್ವಲ್ಪ ಹೊತ್ತಿಗೆ ಆಕೆ ಒಳಗೆ ಹೋದರು. ಹಿಂದೆಯೇ ಗಂಡ ಹೋದರು. ಬಾಕಿಯವರೂ ಒಬ್ಬೊಬ್ಬರೇ ಎದ್ದರು. ಒಳಗಿಂದ ನಗು, ಆಮೇಲೆ ಹೊಗೆಯ ಅಲಾರಂ, ಆಮೇಲೆ ಇನ್ನೂ ಜೋರು ನಗು. ತಟ್ಟೆಯ ಮುಂದೆ ಉಳಿದದ್ದು ನಾನು, ನಾಯಿ.

ಈ ಶನಿವಾರ ಹನ್ನೆರಡು ಜನ ಬರುತ್ತಿದ್ದಾರೆ. ಹಣ್ಣು ಫ್ರಿಜ್ಜಿನಲ್ಲಿದೆ. ಕಡಲೆಹಿಟ್ಟು ಎಷ್ಟಿದೆ ಅಂತ ಅವಳು ಡಬ್ಬ ಅಲ್ಲಾಡಿಸಿ ನೋಡುತ್ತಿದ್ದಾಳೆ.